ಕ್ಯಾಮೆರಾ ಹಿಡಿದು ಕಡವು ದಾಟಿದರೆ

ಕಾಪುವಿನ ದೀಪಸ್ತಂಭ ಹತ್ತಿದವರೆಲ್ಲ ಮೊದಲು ಕ್ಯಾಮೆರಾ ತಿರುಗಿಸುವುದು ಪಡುವಣಕ್ಕೆ. ಬಂಡೆ, ನೊರೆ, ಮುಳುಗುವ ಸೂರ್ಯ. 1901ರಲ್ಲಿ ಕಟ್ಟಿದ ಈ ದೀಪಸ್ತಂಭದ ಬುಡದಲ್ಲಿ ಯಾವುದೇ ಭಾನುವಾರದ ಸಂಜೆ ನಿಂತರೂ ಒಂದೇ ಚಿತ್ರವನ್ನು ಹತ್ತಾರು ಮೊಬೈಲುಗಳು ಒಟ್ಟಿಗೇ ತೆಗೆಯುವುದನ್ನು ನೋಡಬಹುದು. ಅದು ಬೇಡವೆಂದಲ್ಲ. ಆದರೆ ದೋಣಿ, ಬಾರ್ಜು, ಕಡವುಗಳ ಚಿತ್ರ ತೆಗೆಯಲು ಹೊರಟವರು ಒಮ್ಮೆ ಬಡಗಣ ಬದಿಗೆ ಬಂದು ನಿಲ್ಲಬೇಕು. ಎಡಗಡೆ ಕಡಲು, ಬಲಗಡೆ ತೆಂಗಿನ ತಲೆಗಳು, ನಡುವೆ ಮಲ್ಪೆಯ ದಿಕ್ಕಿಗೆ ಸಾಗುವ ಮರಳಿನ ದಂಡೆ. ಅದೇ ದಂಡೆ ಹಿಡಿದು ಹೋದರೆ ಮುಂದೆ ತೆಂಗಿನ ಮರೆಯಲ್ಲಿ ಹೊಳೆ ಜೊತೆಗೂಡುತ್ತದೆ.

ಉಡುಪಿ ಜಿಲ್ಲೆಯ ಹೊಳೆಗಳ ಸ್ವಭಾವವೇ ಹಾಗೆ. ಘಟ್ಟದಿಂದ ಒಂದೇ ಓಟದಲ್ಲಿ ಇಳಿದು ಬರುತ್ತವೆ. ಇನ್ನೇನು ಕಡಲು ಸೇರಬೇಕು ಅನ್ನುವಾಗ ಅಡ್ಡ ತಿರುಗಿ ತೀರದ ಗುಂಟ ಹರಿಯತೊಡಗುತ್ತವೆ. ಅಲೆ ತಂದು ಒಟ್ಟಿದ ಮರಳು ಎದುರಿಗೆ ಗೋಡೆಯಾಗಿ ನಿಂತಿರುತ್ತದೆ. ಹೊಳೆ ಅದರ ಬೆನ್ನಿಗೇ ಸರಿದು ಎಲ್ಲೋ ಒಂದು ಕಡೆ ಅಳಿವೆ ಬಾಯಿ ತೆರೆದುಕೊಳ್ಳುತ್ತದೆ. ಆ ಮರಳಿನ ದಂಡೆಯ ಮೇಲೆ ಊರುಗಳು: ತೆಂಕಣಕ್ಕೆ ಹೆಜಮಾಡಿ ಕೋಡಿ, ನಡುವೆ ಪಡುಕೆರೆ, ಬಡಗಣಕ್ಕೆ ಕೋಡಿಬೆಂಗ್ರೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ಕೋಡಿಯ ತುದಿಯಲ್ಲಿ ಎರಡೂ ಸೇರಿದ ನೀರು. ಎದುರು ದಡದಲ್ಲಿ ಒಗೆದ ಬಟ್ಟೆ ಆರಲು ಹಾಕಿದ್ದು ಕಾಣುತ್ತದೆ. ರಸ್ತೆ ಹಿಡಿದು ಅಲ್ಲಿಗೆ ಹೋಗಬೇಕೆಂದರೆ ಹೆದ್ದಾರಿವರೆಗೆ ಹೋಗಿ, ಸೇತುವೆ ದಾಟಿ, ಮತ್ತೆ ಕಡಲಿನ ಕಡೆಗೆ ಇಳಿಯಬೇಕು.

ಇಂಥ ಕಡೆಗಳಲ್ಲಿ ದೋಣಿಯ ಚಿತ್ರ ತೆಗೆಯುವ ಬಗ್ಗೆ ನನಗೊಂದು ಅಭಿಪ್ರಾಯವಿದೆ. ನೀರಿನ ಮೇಲಿನ ದೋಣಿಗಿಂತ ದಡ ಬಿಡುವ ದೋಣಿ, ದಡ ಮುಟ್ಟುವ ದೋಣಿ ಮುಖ್ಯ. ನಡುನೀರಿನ ದೋಣಿಯಲ್ಲಿ ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ಹತ್ತುವಾಗ, ಇಳಿಯುವಾಗ ಮಾತ್ರ ಒಬ್ಬೊಬ್ಬರ ಮೈಯೂ ಒಂದೊಂದು ರೀತಿ ಆಡುತ್ತದೆ. ಚಪ್ಪಲಿ ಕೈಗೆ ಬರುತ್ತದೆ, ಸೀರೆಯ ನೆರಿಗೆ ಮೇಲೇರುತ್ತದೆ, ಮಗು ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ದಾಟುತ್ತದೆ. ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1910ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಫೆರಿ ಬೋಟಿನ ಪ್ರಸಿದ್ಧ ಚಿತ್ರವೊಂದಿದೆ. ಅದರಲ್ಲೂ ಸಮುದ್ರ ಇಲ್ಲವೆಂದೇ ಹೇಳಬೇಕು. ಇರುವುದು ದಡ ಮುಟ್ಟಲು ಕಾದು ಬೋಟಿನ ಅಂಚಿಗೆ ಒತ್ತಿ ನಿಂತ ಜನ. ವೆನಿಸ್ಸಿನಲ್ಲಿ ಹಾಡು ಕೇಳುತ್ತ ತೇಲುವ ಗೊಂಡೊಲಾ ಬಿಟ್ಟು, ದೊಡ್ಡ ಕಾಲುವೆಯನ್ನು ಈ ಬದಿಯಿಂದ ಆ ಬದಿಗೆ ದಾಟಿಸುವ ‘ತ್ರಗೆತ್ತೊ’ ಹತ್ತಿರ ನಿಲ್ಲುವ ಛಾಯಾಗ್ರಾಹಕರೂ ಇದೇ ಕಾರಣಕ್ಕೆ ನಿಲ್ಲುತ್ತಾರೆ.

ಕಾಪುವಿನಿಂದ ಮಲ್ಪೆಗೆ ಕಡಲ ಬದಿಯ ರಸ್ತೆ ಹಿಡಿದರೆ ಮಟ್ಟು ಸಿಗುತ್ತದೆ. ಯತಿ ವಾದಿರಾಜರು ಕೊಟ್ಟ ಬೀಜವೆಂದು ಊರವರು ನಂಬುವ, 2011ರಲ್ಲಿ ಜಿಐ ಮಾನ್ಯತೆ ಪಡೆದ ಮಟ್ಟುಗುಳ್ಳ ಬದನೆಯ ಗದ್ದೆಗಳು ಒಂದು ಕಡೆ, ಕಡಲು ಇನ್ನೊಂದು ಕಡೆ. ಮುಂದೆ ಪಡುಕೆರೆ. ಅಲ್ಲಿಂದ ಮಲ್ಪೆ ಬಂದರು ಕೈಗೆಟಕುವಷ್ಟು ಹತ್ತಿರ ಕಾಣುತ್ತದೆ, ಈಗ ಸೇತುವೆಯೂ ಇದೆ. ಸೇತುವೆಯ ಮೇಲಿಂದ ಬಂದರಿನ ಬೋಟುಗಳ ಸಾಲು ಚೆನ್ನಾಗಿ ಸಿಗುತ್ತದೆ. ಕಡವಿನ ಚಿತ್ರ ಮಾತ್ರ ಇಲ್ಲಿ ಮುಗಿದ ಅಧ್ಯಾಯ. ಸ್ಕೂಟರಿನವರು ಯಾರೂ ನಿಲ್ಲುವುದಿಲ್ಲ, ನಿಲ್ಲಬೇಕಾದ ಕಾರಣವೂ ಇಲ್ಲ.

ಮಲ್ಪೆಗೆ ಬೆಳಿಗ್ಗೆಯೇ ಬರಬೇಕು. ದಕ್ಕೆಯಲ್ಲಿ ಆಗ ಮೀನಿನ ಏಲಂ ನಡೆಯುತ್ತಿರುತ್ತದೆ, ಕಾಲ ಕೆಳಗೆ ಮಂಜುಗಡ್ಡೆ ಕರಗಿದ ನೀರು, ತಲೆಯ ಮೇಲೆ ಗಿಡುಗ. ಅಲ್ಲಿ ಕ್ಯಾಮೆರಾ ಹಿಡಿದು ದಾರಿಗೆ ಅಡ್ಡ ನಿಂತರೆ ಬೈಗುಳ ತಿನ್ನುವುದು ಖಂಡಿತ. ಬುಟ್ಟಿ ಹೊತ್ತವರಿಗೆ ಬದಿಗೆ ಸರಿಯಲು ಪುರುಸೊತ್ತಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ, ಇದೇ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಕಾಲಿಡುತ್ತ ಹೊಳೆಯ ಅರ್ಧದವರೆಗೆ ನಡೆದು ಹೋಗಬಹುದೇನೋ ಅನ್ನಿಸುವಷ್ಟು ಒತ್ತೊತ್ತಾಗಿ. ಮಳೆ ಬಿಟ್ಟ ಗಳಿಗೆಯಲ್ಲಿ ಬಣ್ಣಗಳು ಎದ್ದು ಬರುವುದು ಈ ದಿನಗಳಲ್ಲೇ. ಪ್ರವಾಸಿಗಳು ಇರುವುದಿಲ್ಲವಾದ್ದರಿಂದ ಬಲೆ ಹೆಣೆಯುತ್ತ ಕೂತವರು ಮಾತಿಗೂ ಸಿಗುತ್ತಾರೆ.

ಮಳೆಗಾಲ ಕಳೆದ ಮೇಲೆ ಇಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಹೊರಡುತ್ತದೆ. ಊರವರ ಬಾಯಲ್ಲಿ ಅದು ತೋನ್ಸೆಪಾರ್. ದಡದಿಂದ ಸುಮಾರು 6 ಕಿ.ಮೀ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಶಿಲುಬೆ ನೆಟ್ಟು ಮೇರಿಯಮ್ಮನ ಹೆಸರಿಟ್ಟ ಎಂದು ಹೇಳುತ್ತಾರೆ. ಅದಕ್ಕಿಂತ ಹಳೆಯ ಸಂಗತಿ ಕಾಲ ಕೆಳಗೇ ಇದೆ. ಜೇನುಗೂಡಿನ ಹಾಗೆ ಕೋನ ಕೋನವಾಗಿ ನಿಂತ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ಆರಿ ಆದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೆ ನಾನು ಬಂದದ್ದು ಕಲ್ಲಿಗಲ್ಲ.

ಬೋಟು ಹತ್ತುವಾಗ ಕೇಸರಿ ಬಣ್ಣದ ಲೈಫ್ ಜಾಕೆಟ್ ಕೊಡುತ್ತಾರೆ. ಛಾಯಾಗ್ರಾಹಕನ ಕಣ್ಣಿಗೆ ಅದೊಂದು ಪೀಡೆ. ಮದುವೆಯಾಗಿ ತಿಂಗಳಾದವರೂ ಎಪ್ಪತ್ತು ದಾಟಿದ ಅಜ್ಜಿಯೂ ಒಂದೇ ಸಮವಸ್ತ್ರದಲ್ಲಿ. ಚಿತ್ರಕ್ಕೋಸ್ಕರ ಅದನ್ನು ಬಿಚ್ಚಿಸುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಆ ಕೇಸರಿಯನ್ನೇ ಒಪ್ಪಿಕೊಂಡು ಹತ್ತಿರ ಹೋಗಿ ಮುಖಗಳನ್ನು ತೆಗೆಯಿರಿ. ಬೋಟು ಅಳಿವೆ ಬಾಯಿ ದಾಟಿ ಕಡಲಿಗೆ ಬಿದ್ದ ಕೂಡಲೇ, ಮೊದಲ ಅಲೆ ಅಡಿಗೆ ಬಡಿದಾಗ, ಹಾಡುತ್ತಿದ್ದ ಹುಡುಗರ ಗುಂಪು ಒಮ್ಮೆಗೇ ಮೌನವಾಗುತ್ತದೆ. ಅದೊಂದು ಕ್ಷಣ ಬೇಕು. ಶಟರ್ ವೇಗ 1/500ಕ್ಕಿಂತ ಕೆಳಗೆ ಇಳಿಸಬೇಡಿ. ಅಲ್ಲಾಡುವುದು ಅವರು ಮಾತ್ರವಲ್ಲ, ನೀವೂ. ದ್ವೀಪದ ಹತ್ತಿರ ನೀರು ಆಳವಿಲ್ಲದ್ದರಿಂದ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ಜನರನ್ನು ಇಳಿಸಿ ದಡ ಮುಟ್ಟಿಸುವ ರೂಢಿಯಿದೆ. ಎರಡೂ ಬೇರೆ ಬೇರೆ ತಾಳದಲ್ಲಿ ಏರಿಳಿಯುತ್ತಿರುತ್ತವೆ. ಬೋಟಿನ ಹುಡುಗರು “ಈಗ ಇಡಿ ಕಾಲು... ಈಗ!” ಎಂದು ಮೊಣಕೈ ಹಿಡಿದು ಇಳಿಸಿಕೊಳ್ಳುವಾಗ, ಬೆಂಗಳೂರಿನ ಕಚೇರಿಯಲ್ಲಿ ಯಾರ ಮಾತೂ ಕೇಳದಂಥ ದೊಡ್ಡ ಮನುಷ್ಯರೂ ಹೇಳಿದ ಹಾಗೆ ಕೇಳುತ್ತಾರೆ. ಇಡೀ ಸವಾರಿಯಲ್ಲಿ ನನಗೆ ಬೇಕಾದ ಚಿತ್ರ ಅದು. ಅಲ್ಲಿ ಮೊಬೈಲ್ ಸಾಕು, ಒಂದು ಕೈ ಖಾಲಿ ಇರಲಿ. ದಡಕ್ಕೆ ಬಂದ ಮೇಲೆ ಲೆನ್ಸಿನ ಮೇಲೆ ಕೂತ ಉಪ್ಪನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ; ಸಿಹಿನೀರಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ.

ಮಧ್ವಾಚಾರ್ಯರ ಕತೆ ಶುರುವಾಗುವುದೂ ಮಲ್ಪೆಯ ಈ ಕಡಲಲ್ಲೇ. ಬಿರುಗಾಳಿಗೆ ಸಿಕ್ಕ ಹಡಗನ್ನು ಅವರು ಬಟ್ಟೆ ಬೀಸಿ ದಡಕ್ಕೆ ತಂದರು, ಕೃತಜ್ಞನಾದ ನಾವಿಕ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣ ಸಿಕ್ಕ ಎಂಬ ಐತಿಹ್ಯ ಉಡುಪಿಯ ಮಕ್ಕಳಿಗೂ ಗೊತ್ತು. ಹಡಗಿನಲ್ಲಿ ಬಂದ ದೇವರು ವರ್ಷಕ್ಕೊಮ್ಮೆ ಮತ್ತೆ ತೇಲುವುದನ್ನು ನೋಡಬೇಕೆಂದರೆ ಕಾರ್ತಿಕ ಮಾಸದಲ್ಲಿ, ಉತ್ಥಾನ ದ್ವಾದಶಿಯಿಂದ ಶುರುವಾಗುವ ಲಕ್ಷದೀಪೋತ್ಸವಕ್ಕೆ ಬರಬೇಕು. ಮಧ್ವ ಸರೋವರದಲ್ಲಿ ತೆಪ್ಪೋತ್ಸವ, ಆಮೇಲೆ ರಥಬೀದಿಯಲ್ಲಿ ರಥ. ತೆಪ್ಪ ಎಲ್ಲಿಗೂ ಹೋಗುವುದಿಲ್ಲ, ಸರೋವರದೊಳಗೇ ಸುತ್ತು ಬರುತ್ತದೆ. ಹಾಗೆ ನೋಡಿದರೆ ಕಡವಿನ ಲೆಕ್ಕಕ್ಕೆ ಸೇರುವುದಿಲ್ಲ. ಆದರೂ ಸೇರಿಸಿಕೊಂಡಿದ್ದೇನೆ, ಯಾಕೆಂದರೆ ಉತ್ಸವ ಮೂರ್ತಿಯನ್ನು ಮೆಟ್ಟಿಲಿನಿಂದ ತೆಪ್ಪಕ್ಕೆ ಇಳಿಸುವ ಹೊತ್ತಿನ ಎಚ್ಚರವನ್ನು ಬೇರೆ ಎಲ್ಲೂ ಕಂಡಿಲ್ಲ. ದೀಪದ ಬೆಳಕು ಮಾತ್ರ ಇರುತ್ತದೆ, ಟ್ರೈಪಾಡ್ ಇಡಲು ಜಾಗವಿರುವುದಿಲ್ಲ. ಐಎಸ್‌ಓ ಏರಿಸಿ, ಮೆಟ್ಟಿಲಿನ ಕಲ್ಲಿಗೆ ಒರಗಿ, ತೆಪ್ಪ ತಿರುವು ತೆಗೆದುಕೊಳ್ಳುತ್ತ ನಿಧಾನವಾಗುವ ಕ್ಷಣ ಕಾಯಬೇಕು. ಫ್ಲಾಶ್ ಹೊಡೆದರೆ ದೀಪಗಳೆಲ್ಲ ಸತ್ತುಹೋಗುತ್ತವೆ. ಪಕ್ಕದವರ ಕಣ್ಣು ಕೆಂಪಾಗುವುದು ಬೇರೆ.

ಮಣಿಪಾಲದಲ್ಲಿ ಹೆಚ್ಚು ಹೊತ್ತು ನಿಲ್ಲುವ ಕೆಲಸವಿಲ್ಲ. ಮಣ್ಣಪಳ್ಳ ಕೆರೆಯ ದೋಣಿವಿಹಾರ, ಹೊರಟ ದಡಕ್ಕೇ ಮರಳುವ ಜಾತಿ. ಮಕ್ಕಳಿಗೆ ಸಂತೋಷ, ನನ್ನ ವಿಷಯವಲ್ಲ. ಎಂಡ್ ಪಾಯಿಂಟಿಗೆ ಹೋಗಿ ಕೆಳಗೆ ನೋಡಿದರೆ ಸ್ವರ್ಣಾ ನದಿ ತೋಟಗಳ ನಡುವೆ ಬಾಗಿ ಬಾಗಿ ಹೋಗುವುದು ಕಾಣುತ್ತದೆ. ಈ ಹೊಳೆ ಕಾರ್ಕಳ ತಾಲೂಕಿನ ಘಟ್ಟದ ಬುಡದಿಂದ ಬಂದದ್ದು, ಉಡುಪಿ-ಮಣಿಪಾಲಕ್ಕೆ ಬಜೆ ಅಣೆಕಟ್ಟಿನಿಂದ ಕುಡಿಯುವ ನೀರು ಕೊಡುವುದು ಇದೇ. ಕೋಡಿಬೆಂಗ್ರೆಯಲ್ಲಿ ಇದನ್ನೇ ಮತ್ತೆ ಕಾಣುತ್ತೇವೆ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಕಾರ್ಕಳಕ್ಕೆ ಬಂದವರು 1432ರ ಗೊಮ್ಮಟನನ್ನು ನೋಡದೆ ಹೋಗುವುದಿಲ್ಲ. 42 ಅಡಿ ಎತ್ತರ. ಗೊಮ್ಮಟನ ನಂತರ ಆನೆಕೆರೆಗೂ ಬನ್ನಿ. ಕೆರೆಯ ನಡುವೆ ಬಸದಿ, ದಡದಿಂದ ಅಲ್ಲಿಗೆ ಕಾಲುದಾರಿ. ನಡೆದೇ ಹೋಗಿಬಿಡಬಹುದು, ಮತ್ತು ಜನ ನಡೆದೇ ಹೋಗುತ್ತಾರೆ, ಫೋನಿನಲ್ಲಿ ಮಾತಾಡುತ್ತ. ಇದನ್ನು ನೋಡಿಕೊಂಡೇ ವರಂಗಕ್ಕೆ ಹೋಗಬೇಕು. ಹಾಗಾದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ವರಂಗ ಇರುವುದು ಕಾರ್ಕಳದಿಂದ ಹೆಬ್ರಿ-ಆಗುಂಬೆಯ ದಾರಿಯಲ್ಲಿ, ಸುಮಾರು 25 ಕಿ.ಮೀ. ಮೊದಲು ಕಾರ್ಕಳ ತಾಲೂಕಿಗೇ ಸೇರಿದ್ದ ಊರು, ಈಗ ಹೆಬ್ರಿ ತಾಲೂಕು. ಹೊಂಬುಜ ಮಠದ ಆಡಳಿತದಲ್ಲಿರುವ ಇಲ್ಲಿನ ಕೆರೆ ಬಸದಿಗೆ ದಾರಿಯಿಲ್ಲ. ಸಂಕವಿಲ್ಲ, ಸೇತುವೆಯಿಲ್ಲ. ಕೆರೆಯ ನಡುವೆ ನೀರಿನಿಂದ ಎದ್ದ ಹಾಗೆ ನಿಂತ ಸಣ್ಣ ಕಟ್ಟಡ, ನಾಲ್ಕು ದಿಕ್ಕಿಗೂ ಮುಖ. ಒಳಗೆ ನೇಮಿನಾಥ, ಶಾಂತಿನಾಥ, ಅನಂತನಾಥ, ಪಾರ್ಶ್ವನಾಥರು, ಜೊತೆಗೆ ಭಕ್ತರು ಹರಕೆ ಹೊರುವ ಪದ್ಮಾವತಿ ಅಮ್ಮನವರು. ಆಳುಪ ಅರಸರ ಕಾಲದ್ದೆಂದು, ಎಂಟು ಶತಮಾನಕ್ಕೂ ಹಳೆಯದೆಂದು ಹೇಳುತ್ತಾರೆ. ದಡದಲ್ಲಿ ಒಂದು ದೋಣಿ. ಅದು ಆಚೆ ಹೋಗಿದ್ದರೆ ಬರುವವರೆಗೆ ಕಾಯಬೇಕು.

ಎಲ್ಲರೂ ತೆಗೆಯುವ ಚಿತ್ರ ಗೊತ್ತೇ ಇದೆ: ಬಸದಿ, ಅದರ ತಲೆಕೆಳಗಾದ ನೆರಳು, ಹಿಂದೆ ಘಟ್ಟದ ಸಾಲು. ಬೆಳಿಗ್ಗೆ ಗಾಳಿ ಏಳುವ ಮುಂಚೆ ಬಂದರೆ ಯಾರಿಗೂ ಸಿಗುತ್ತದೆ, ಮಳೆಗಾಲ ಕಳೆದ ಹೊಸತರಲ್ಲಿ ಸುತ್ತಲ ಗದ್ದೆಯ ಹಸಿರೂ ಉಚಿತ. ತೆಗೆದುಕೊಳ್ಳಿ. ಆಮೇಲೆ ಕ್ಯಾಮೆರಾ ಇಳಿಸಿ ದೋಣಿ ಹತ್ತುವ ಜಾಗದಲ್ಲಿ ಒಂದಷ್ಟು ಹೊತ್ತು ಕೂತುಬಿಡಿ. ನಾನು ಕೂತಾಗ ಬಂದದ್ದು ಒಂದು ಕುಟುಂಬ. ಹರಕೆಯ ಸೀರೆಯಿದ್ದ ಚೀಲ, ಹಣ್ಣುಕಾಯಿಯ ಬುಟ್ಟಿ, ನೀರು ಕಂಡರೆ ಹೆದರುವ ಒಬ್ಬ ಅಜ್ಜಿ. “ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ, ನೀವು ಹೋಗಿಬನ್ನಿ” ಎಂದು ಅಜ್ಜಿ ಕಟ್ಟೆಯ ಮೇಲೆ ಕೂತರು. ದೋಣಿ ನಡೆಸುವವರು ಬಲವಂತ ಮಾಡಲಿಲ್ಲ. ಉಳಿದವರನ್ನು ಕೂರಿಸಿ, ದಡ ಬಿಟ್ಟು ಸ್ವಲ್ಪ ದೂರ ಹೋದವರು ಮತ್ತೆ ಹಿಂದಕ್ಕೆ ಬಂದು, “ಅಮ್ಮಾ, ನಡುವೆ ಕೂತುಕೊಳ್ಳಿ, ನೀರು ಕಾಣುವುದೇ ಇಲ್ಲ” ಅಂದರು. ಅಜ್ಜಿ ಎದ್ದರು. ಒಂದು ಕಾಲು ಕಲ್ಲಿನ ಮೇಲೆ, ಒಂದು ಕಾಲು ದೋಣಿಯಲ್ಲಿ, ಎರಡೂ ಕೈ ಮೊಮ್ಮಗಳ ಹೆಗಲ ಮೇಲೆ, ಕಣ್ಣು ಮುಚ್ಚಿಕೊಂಡು. ನಾನು ಎದುರಿನಿಂದ ತೆಗೆಯಬಹುದಿತ್ತು. ಬದಿಯಿಂದ ತೆಗೆದೆ, ಮುಖ ಮೊಮ್ಮಗಳದ್ದು ಬಂತು, ಅಜ್ಜಿಯದ್ದು ಕೈ ಮಾತ್ರ. ಬಸದಿಯ ಒಳಗೆ ಕ್ಯಾಮೆರಾ ಬೇಡ. ಪೂಜೆಗೆ ಬಂದವರ ಹಿಂದೆ ನಿಂತು ನೀವೂ ಕೈ ಮುಗಿದು ಬನ್ನಿ, ದೋಣಿಯಲ್ಲಿ ಹಿಂದಿರುಗುವಾಗ ಎಲ್ಲರ ಮುಖ ಸಡಿಲವಾಗಿರುತ್ತದೆ.

ವರಂಗದ ಕೆರೆಗೂ ಒಂದು ಸೇತುವೆಯಿದ್ದಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎಂದು ಬರೆದುಬಿಡುವುದು ಸುಲಭ. ಹಾಗೆ ಬರೆಯುವ ಮುಂಚೆ ಇದೇ ಹೆಬ್ರಿ, ಕಾರ್ಕಳ, ಬೈಂದೂರು ಸೀಮೆಯ ಕಾಲುಸಂಕಗಳನ್ನು ನೋಡಬೇಕು. ತೋಡಿಗೆ ಅಡ್ಡ ಹಾಕಿದ ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಹಗ್ಗ ಅಥವಾ ಬಿದಿರು, ಕೆಳಗೆ ಆಷಾಢದ ಕೆಂಪು ನೀರು. ಚಿತ್ರವಾಗಿ ಅದ್ಭುತ, ಸ್ಪರ್ಧೆಗಳಲ್ಲಿ ಬಹುಮಾನ ಬರುವಂಥದ್ದು. 2022ರ ಆಗಸ್ಟಿನಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಬರುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ಕೊಚ್ಚಿಹೋದಳು. ಅದಾದ ಮೇಲೆ ಕಾಲುಸಂಕದ ಮೇಲೆ ಕೊಡೆ ಹಿಡಿದ ಮಕ್ಕಳ ಚಿತ್ರ ನೋಡಿದಾಗೆಲ್ಲ ನನಗೆ ಬೆಳಕು, ಚೌಕಟ್ಟು ಯಾವುದೂ ಕಾಣುವುದಿಲ್ಲ. ದಾಟುವವರಿಗೆ ಸೇತುವೆ ಬೇಕು, ತೆಗೆಯುವವರಿಗೆ ಬೇಡ. ಇವೆರಡರ ನಡುವೆ ಯಾರ ಮಾತು ನಡೆಯಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿ ಶುರುಮಾಡಿದ ಕೆಲಸ ನೂರಕ್ಕೂ ಹೆಚ್ಚು ಸೇತುವೆಗಳಾಗಿ, 2017ರಲ್ಲಿ ಪದ್ಮಶ್ರೀ ಬಂದದ್ದು ಸುಮ್ಮನೆ ಅಲ್ಲ. ಉಡುಪಿಯ ಕೆಮ್ಮಣ್ಣಿನ ಹತ್ತಿರ ತಿಮ್ಮಣ್ಣಕುದ್ರು ಎಂಬ ನಡುಗಡ್ಡೆಗೆ ಹೋಗುವ ತೂಗುಸೇತುವೆ ಈಗ ಮದುವೆ ಜೋಡಿಗಳ ಫೋಟೋಗೆ ಪ್ರಸಿದ್ಧ. ಕುದ್ರುವಿನವರಿಗೆ ಅದು ಪೇಟೆಗೆ, ಶಾಲೆಗೆ ಹೋಗುವ ದಾರಿ.

ಸಿಗಂದೂರು ನೆನಪಾಗುತ್ತದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ದಶಕಗಳ ಕಾಲ ಬಸ್ಸು, ಜೀಪು, ಜನ ಎಲ್ಲವನ್ನೂ ಹೊತ್ತು ಓಡಾಡಿದ ಲಾಂಚಿನ ಪಕ್ಕದಲ್ಲೇ ಕಂಬಗಳು ಎದ್ದು, 2025ರ ಜುಲೈ 14ರಂದು 2.44 ಕಿ.ಮೀ. ಉದ್ದದ ಸೇತುವೆ ತೆರೆಯಿತು. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂದು ಕೇಳುತ್ತ ಬಂದ ಹಿನ್ನೀರಿನಾಚೆಯ ಜನಕ್ಕೆ ಅದು ಹಬ್ಬ. ಛಾಯಾಗ್ರಾಹಕರು ಮಾತ್ರ ಲಾಂಚಿನ ಕೊನೆಯ ದಿನಗಳಿಗೆ ಸಾಲುಗಟ್ಟಿ ಹೋದರು. ಹೋಗಬೇಕಾದದ್ದೇ. ಆದರೆ ಲಾಂಚು ಯಾವ ಗದ್ದಲವೂ ಇಲ್ಲದೆ ಓಡಾಡುತ್ತಿದ್ದ ವರ್ಷಗಳಲ್ಲಿ, ಒಂದು ಸಾಮಾನ್ಯ ಮಂಗಳವಾರ, ಯಾರು ಹೋಗಿ ತೆಗೆದಿದ್ದರು?

ನಮ್ಮ ಹೆದ್ದಾರಿಯದ್ದೂ ಇದೇ ಕತೆ. ಇವತ್ತು ಮಂಗಳೂರಿನಿಂದ ಕುಂದಾಪುರಕ್ಕೆ ಹೋಗುವವರು ಕೂಳೂರು, ಮುಲ್ಕಿ, ಉದ್ಯಾವರ, ಕಲ್ಯಾಣಪುರ, ಮಾಬುಕಳ ಎಂದು ಸೇತುವೆ ಮೇಲೆ ಸೇತುವೆ ದಾಟುತ್ತಾರೆ, ಎಷ್ಟು ದಾಟಿದೆವೆಂದು ಯಾರಿಗೂ ಲೆಕ್ಕವಿರುವುದಿಲ್ಲ. ಈ ಸೇತುವೆಗಳು ಬರುವ ಮುಂಚೆ ಪ್ರತಿ ಹೊಳೆಗೂ ಕಡವು. ಬಸ್ಸು ದಡದವರೆಗೆ, ಅಲ್ಲಿ ಇಳಿದು, ಸಾಮಾನು ಹೊತ್ತು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಕಾದಿದ್ದ ಇನ್ನೊಂದು ಬಸ್ಸು. ಹಳೆಯ ತಲೆಮಾರಿನವರು ಇದನ್ನು ಹೇಳುವಾಗ ಕಷ್ಟಕ್ಕಿಂತ ಹೆಚ್ಚಾಗಿ ಕಡವಿನ ಬಾಗಿಲಲ್ಲಿದ್ದ ಹೋಟೆಲಿನ ಬನ್ಸು, ಅವಲಕ್ಕಿಯ ನೆನಪೇ ಮೊದಲು ಬರುತ್ತದೆ. ಕಡವು ಹೋದಾಗ ಆ ಹೋಟೆಲುಗಳೂ ಹೋದವು. ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಮದುವೆ, ಉಪನಯನದ ಚಿತ್ರಗಳು ಸಿಗುತ್ತವೆ. ಕಡವಿನ ಚಿತ್ರ ಅಪರೂಪ. ದಿನಾ ದಾಟುವ ನೀರಿಗೆ ಫಿಲಂ ಖರ್ಚು ಮಾಡುವವರು ಯಾರು?

ವರಂಗದಿಂದ ಇಳಿಯುವಾಗ ಸೀತಾ ನದಿಯ ಜೊತೆಗೆ ಇಳಿಯಿರಿ. ಆಗುಂಬೆಯ ಕಡೆಯ ಘಟ್ಟದಿಂದ ಬಂದು, ಹೆಬ್ರಿ ದಾಟಿ, ಬಾರ್ಕೂರಿಗೆ ಬರುವ ಹೊಳೆ ಅದು. ಬಾರ್ಕೂರು ಆಳುಪರ ರಾಜಧಾನಿಯಾಗಿದ್ದ ಊರು. ಹದಿನಾಲ್ಕನೇ ಶತಮಾನದಲ್ಲಿ ಹಡಗಿನಲ್ಲಿ ಈ ಕರಾವಳಿಗುಂಟ ಹೋದ ಇಬ್ನ್ ಬತೂತ ‘ಫಾಕನೂರು’ ಎಂದು ಬರೆದದ್ದು ಇದನ್ನೇ ಎನ್ನುತ್ತಾರೆ ಇತಿಹಾಸಕಾರರು. ಅಳಿವೆಯೊಳಗೆ ಹಡಗು ಬರುತ್ತಿದ್ದ ಕಾಲ. ಆ ಅಳಿವೆಯ ದಡದಲ್ಲಿ ಇವತ್ತಿಗೂ ರಾಜ್ಯದ ಕಿರು ಬಂದರುಗಳ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡಿರುವುದು ಹಂಗಾರಕಟ್ಟೆ.

ಹಂಗಾರಕಟ್ಟೆಯ ಎದುರು ದಡವೇ ಕೋಡಿಬೆಂಗ್ರೆ. ಕಾರ್ಕಳದ ಸ್ವರ್ಣಾ, ಆಗುಂಬೆ ಬದಿಯ ಸೀತಾ ಎರಡೂ ಇಲ್ಲಿ ಒಂದಾಗಿ ಕಡಲಿಗೆ ಸೇರುತ್ತವೆ. ನೀರಿನ ಮೇಲೆ ಬಾರ್ಜಿನಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಿ ಮಾಬುಕಳ, ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು ಎಂದು ಸುತ್ತಿ ಬರಲು ಸುಮಾರು 30 ಕಿ.ಮೀ. ತಮಾಷೆಯೆಂದರೆ ಕೋಡಿಬೆಂಗ್ರೆ ಸೇರುವುದು ಹೊಳೆಯಾಚೆಯ ಕೋಡಿ ಗ್ರಾಮ ಪಂಚಾಯಿತಿಗೆ. ಮನೆ ತೆರಿಗೆ ಕಟ್ಟಬೇಕೆಂದರೂ ಹೊಳೆ ದಾಟಬೇಕು. ಹೀಗಾಗಿ ಬಾರ್ಜಿನಲ್ಲಿ ಕಾಗದಪತ್ರದ ಫೈಲು ಹಿಡಿದವರು, ಬ್ಯಾಂಕಿಗೆ ಹೊರಟವರು, ಬೈಕಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡವರು ಎಲ್ಲರೂ ಸಿಗುತ್ತಾರೆ. ಬಾರ್ಜು ರಿಪೇರಿಗೆಂದು ನಿಂತ ಕಾಲಗಳೂ ಇವೆ. ದೂರದಿಂದ ಬರುವವರು ಓಡುತ್ತಿದೆಯೇ ಎಂದು ಕೇಳಿಕೊಂಡೇ ಬನ್ನಿ.

ಕೋಡಿಬೆಂಗ್ರೆಯ ಡ್ರೋನ್ ಚಿತ್ರಗಳನ್ನು ನೀವು ನೋಡಿರುತ್ತೀರಿ. ನೀಲಿ ಕಡಲು, ಹಸಿರು ಹೊಳೆ, ನಡುವೆ ಒಂದು ಗೆರೆಯಷ್ಟು ನೆಲ. ಸುಂದರ, ಸಂಶಯವಿಲ್ಲ. ಮೇಲಿಂದ ನೋಡಿದರೆ ಆ ನೆಲದ ಮೇಲೆ ಯಾರಾದರೂ ಇದ್ದಾರೆಂದೇ ಅನ್ನಿಸುವುದಿಲ್ಲ. ನಾನು ಹೇಳುವ ಚಿತ್ರಕ್ಕೆ ಎತ್ತರ ಬೇಡ, 35 ಎಂ.ಎಂ. ಲೆನ್ಸು ಅಥವಾ ಮೊಬೈಲು, ಮತ್ತೆ ಮಧ್ಯಾಹ್ನದ ನಂತರದ ಹೊತ್ತು ಸಾಕು. ಸೂರ್ಯ ಕಡಲಿನ ಬದಿಗೆ ವಾಲಿದ ಮೇಲೆ ಬೆಂಗ್ರೆಯ ದಡದಲ್ಲಿ ಹೊಳೆಗೆ ಮುಖಮಾಡಿ ನಿಂತರೆ, ಹಂಗಾರಕಟ್ಟೆಯಿಂದ ಬರುವ ಬಾರ್ಜಿನ ಜನರ ಮುಖಗಳ ಮೇಲೆ ನೇರ ಬೆಳಕು ಬೀಳುತ್ತದೆ. ಬೆಳಿಗ್ಗೆ ಇದೇ ಜಾಗದಲ್ಲಿ ಎಲ್ಲರೂ ಕಪ್ಪು ನೆರಳು. ಮುಖ ಬೇಕಾದರೆ ಎಕ್ಸ್‌ಪೋಷರ್ ಒಂದು ಮೆಟ್ಟಿಲು ಏರಿಸಬೇಕು, ಹಿಂದಿನ ನೀರು ಬಿಳಿಚಿಕೊಂಡರೆ ಬಿಳಿಚಿಕೊಳ್ಳಲಿ. ಭರತ-ಇಳಿತ ನೋಡಿಕೊಳ್ಳಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಇಳಿತದಲ್ಲಿ ದಡದ ಕೆಸರೆಲ್ಲ ತೆರೆದುಕೊಂಡು, ಮೊಣಕಾಲು ನೀರಿನಲ್ಲಿ ಮರುವಾಯಿ ಚಿಪ್ಪು ಆರಿಸುವವರು ಕಾಣುತ್ತಾರೆ. ಏಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಈ ತೇವದ ಗಾಳಿಗೆ ಲೆನ್ಸು ಮಂಜುಕಟ್ಟುತ್ತದೆ, ಚೀಲದಲ್ಲೇ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

ಚಪ್ಪಟೆ ಬಾರ್ಜು. ಮುಂದಿನ ಹಲಗೆ ದಡಕ್ಕೆ ಕೂತ ಕೂಡಲೇ ಬೈಕುಗಳು ಮೊದಲು, ಆಮೇಲೆ ಜನ. ನಿಂತೇ ದಾಟುವುದು. ಪೇಟೆಯ ಬೀದಿಯಲ್ಲಿ ಅಪರಿಚಿತರ ಚಿತ್ರ ತೆಗೆದು ಮುಂದೆ ನಡೆದುಬಿಡಬಹುದು. ಇಲ್ಲಿ ಎಲ್ಲಿಗೆ ಹೋಗುತ್ತೀರಿ? ತೆಗೆದವನೂ ತೆಗೆಸಿಕೊಂಡವರೂ ಆಚೆ ದಡದವರೆಗೆ ಒಂದೇ ಹಲಗೆಯ ಮೇಲೆ ನಿಲ್ಲಬೇಕು. ಆದ್ದರಿಂದ ಮಾತಾಡಲೇಬೇಕು. “ಹ್ವಾಯ್, ಎಂಥಾ ತೆಗಿತ್ರಿ? ನೀರ್ ಬಿಟ್ರೆ ಇಲ್ಲ್ ಎಂತ ಇತ್ತ್?” ಎಂದು ಬೈಕಿನ ಮೇಲೆ ಕೂತೇ ಇದ್ದ ಒಬ್ಬರು ಶುರುಮಾಡಿದರು. ತೆಂಕು ಬದಿಯಲ್ಲಿ ಕಿವಿಗೆ ಬೀಳುತ್ತಿದ್ದ ತುಳು ಇಲ್ಲಿಗೆ ಬರುವಾಗ ಕುಂದಾಪ್ರ ಕನ್ನಡಕ್ಕೆ ಜಾಗ ಬಿಟ್ಟಿರುತ್ತದೆ. ಪತ್ರಿಕೆಗೆ ಎಂದೆ. ಹಾಗಾದರೆ ಸೇತುವೆ ಬೇಕು ಅಂತಲೂ ಬರೆಯಿರಿ ಎಂದು ಇಬ್ಬರು, ಬಾರ್ಜಿನ ಸಮಯ ಹೆಚ್ಚಿಸಿದರೆ ಸಾಕು ಎಂದು ಒಬ್ಬರು, ಚರ್ಚೆ ಅವರವರಲ್ಲೇ ಸಾಗಿತು. ನಾನು ನಿಂತಲ್ಲೇ ಚಿತ್ರ ತೆಗೆಯುತ್ತಿದ್ದೆ, ಆಮೇಲೆ ಯಾರೂ ನನ್ನನ್ನು ಗಮನಿಸಲಿಲ್ಲ.

ಬೆಂಗ್ರೆಯಲ್ಲಿ ಇಳಿದು, ಅದೇ ಬಾರ್ಜಿನಲ್ಲಿ ಮತ್ತೆ ಹಂಗಾರಕಟ್ಟೆಗೆ ಹೊರಟೆ. ಈ ಸಲ ಮೀನಿನ ಬುಟ್ಟಿಯ ಅಕ್ಕ ಒಬ್ಬರು ಹತ್ತಿದರು. ಬುಟ್ಟಿ ಕಾಲ ಬಳಿ, ಮೇಲೆ ಒದ್ದೆ ಗೋಣಿ, ಗೋಣಿಯ ಅಂಚಿನಿಂದ ಬಂಗುಡೆಯ ಬಾಲಗಳು. ನನ್ನ ಕಣ್ಣು ಬಾಲಗಳ ಮೇಲೇ ಇತ್ತು. ತೆಗೆಯಲೇ ಎಂದು ಕೇಳಿದೆ. ತೋರಿಸಿ ಎಂದರು, ತೋರಿಸಿದೆ. ಪರದೆಯನ್ನು ಬಿಸಿಲಿಗೆ ಮರೆಮಾಡಿ ನೋಡಿದವರ ಮುಖ ಗಂಟಾಯಿತು.

“ಬುಟ್ಟಿ ಬಪ್ಪುಕಾಗ. ಬುಟ್ಟಿ ಇಲ್ದೆ ತೆಗೀರಿ ಅಕಾ. ಮಗ ಬೊಂಬಾಯಂಗಿದ್ದ, ಅವ್ನಿಗ್ ಕಳ್ಸುಕ್.”

ಬುಟ್ಟಿಯನ್ನು ಸ್ಕೂಟರಿನ ಹಿಂದಕ್ಕೆ ಸರಿಸಿದರು. ಸೆರಗು ಸರಿಮಾಡಿಕೊಂಡರು, ಕೈ ಒರೆಸಿಕೊಂಡರು, ಕೂದಲಿಗೆ ಕೈ ಹಾಕುವಷ್ಟರಲ್ಲಿ ಹಲಗೆ ದಡಕ್ಕೆ ಬಡಿಯಿತು. ಬೈಕುಗಳು ಒಟ್ಟಿಗೆ ಸದ್ದು ಮಾಡಿದವು. ಅವರು ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಇಳಿದೇಬಿಟ್ಟರು, ದಡ ಹತ್ತಿದ ಮೇಲೆ ತಿರುಗಿ ಕೂಗಿದರು: “ಖಾಲಿ ಮಾಡ್ಕಂಡ್ ಬತ್ತೆ, ನೀವ್ ಇಲ್ಲೇ ಇರಿ!”